‘ಯಾವ ದೇಶ?’ ಅಂತ ಕೇಳಿದಾಗ ಏನು ಹೇಳೋದು: ಬೆಂಗಳೂರಿನಲ್ಲಿ ಒಬ್ಬ ಸಿದ್ದಿ ಹುಡುಗನ ಪ್ರಕರಣ

ಈ ಪ್ರಕರಣದ ಹುಡುಗ ಸಿದ್ದಿ ಸಮುದಾಯದವನು. ಉತ್ತರ ಕನ್ನಡದ ಯಲ್ಲಾಪುರದ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವನು. ನಾನು ಘಟ್ಟದ ಮೇಲಿನ ತಾಲೂಕುಗಳಿಂದ ಬಂದ ಹುಡುಗ ಹುಡುಗಿಯರ ಒಂದು ಸಣ್ಣ ಗುಂಪು ನಡೆಸುತ್ತೇನೆ. ತಿಂಗಳಿಗೊಮ್ಮೆ ಭಾನುವಾರ ಸೇರುತ್ತೇವೆ. ಬಾಡಿಗೆ ಮನೆ, ಸಂಬಳ, ಒಂಟಿತನ, ಮದುವೆ ಒತ್ತಡ, ಎಲ್ಲ ಮಾತೂ ಅಲ್ಲಿ ಬರುತ್ತದೆ. ಈ ಹುಡುಗನ ವಿಷಯವೂ ಅಲ್ಲೇ ಶುರುವಾಗಿದ್ದು. ಬರೆದಿದ್ದನ್ನು ಅವನಿಗೆ ಓದಿ ಹೇಳಿ, ಒಪ್ಪಿಗೆ ತೆಗೆದುಕೊಂಡೇ ಹಾಕುತ್ತಿದ್ದೇನೆ. ಅವನ ಹೆಸರು, ಕಂಪನಿ, ಬಡಾವಣೆ ಇಲ್ಲಿ ಇಲ್ಲ. ಗುರುತು ಸಿಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸಿದ್ದಿಗಳ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಲೇಬೇಕು. ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಹೆಚ್ಚಿನವರನ್ನು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರಾಗಿ ಪಶ್ಚಿಮ ಕರಾವಳಿಗೆ ತಂದರು. ಗೋವಾದಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ಕಡೆ ಇದ್ದಾರೆ. ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಮನೆಯಲ್ಲಿ ಬಹಳಷ್ಟು ಜನ ತಮ್ಮದೇ ರೀತಿಯ ಕೊಂಕಣಿ ಆಡುತ್ತಾರೆ. ಹೊರಗೆ ಕನ್ನಡ, ಕೆಲವು ಕಡೆ ಮರಾಠಿ, ಉರ್ದು.

ನಮ್ಮ ಹುಡುಗನ ಅಪ್ಪ ಅಮ್ಮ ಅಡಿಕೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ತೋಟದವರ ಮನೆಯ ಹವ್ಯಕ ಕನ್ನಡವೂ ಅವನ ಬಾಯಿಗೆ ಬರುತ್ತದೆ. ಶಾಲೆ ಓದಿದ್ದು ಕನ್ನಡದಲ್ಲೇ. ಆಮೇಲೆ ಡಿಪ್ಲೊಮಾ ಮಾಡಿ, ಬೆಂಗಳೂರಿನ ಒಂದು ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. ಪಿಜಿಯಲ್ಲಿ ಮಂಡ್ಯ ಕಡೆಯ ಒಬ್ಬ ಹುಡುಗನ ಜೊತೆ ಕೋಣೆ ಹಂಚಿಕೊಂಡಿದ್ದ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಉಗಾಂಡಾದ ಒಬ್ಬ ವಿದ್ಯಾರ್ಥಿ ಇದ್ದ. ಅವನ ಮಾತು ಮುಂದೆ ಬರುತ್ತದೆ.

ಊರಲ್ಲಿ ಇವನಿಗೆ ಯಾರೂ ‘ನೀನು ಯಾರು’ ಅಂತ ಕೇಳಿರಲಿಲ್ಲ. ಹಾಗಂತ ಊರು ಚೆನ್ನಾಗಿತ್ತು ಅಂತ ಅಲ್ಲ. ಅಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು, ಯಾರಿಗೆ ಯಾವ ಲೋಟದಲ್ಲಿ ಚಹಾ ಕೊಡಬೇಕು ಅನ್ನೋದು ಮೊದಲೇ ತೀರ್ಮಾನವಾಗಿರುತ್ತಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಬೆಂಗಳೂರಿನಲ್ಲಿ ಇವನು ಯಾರು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಲ್ಲರೂ ಕೇಳುತ್ತಿದ್ದರು.

ತೊಡಕು ಶುರುವಾದದ್ದು

ಆಟೋದವರು ಅವನ ಜೊತೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತಾಡುತ್ತಿದ್ದರು. ಇವನು ಕನ್ನಡದಲ್ಲಿ ಉತ್ತರ ಕೊಟ್ಟರೆ, ‘ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರ!’ ಎಂಬ ಹೊಗಳಿಕೆ. ಬಾಡಿಗೆ ಮನೆ ಕೇಳಲು ಹೋದರೆ ಗೇಟಿನಲ್ಲೇ ‘ಫಾರಿನರ್ಸ್‌ಗೆ ಕೊಡಲ್ಲ’. ಬಸ್ಸಿನಲ್ಲಿ ಹಿಂದೆ ಕೂತವರು ಅವನ ಬಗ್ಗೆ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅವನಿಗೆ ಅರ್ಥ ಆಗಲ್ಲ ಅನ್ನೋ ಧೈರ್ಯ. ಅವರು ಬಳಸಿದ ಮಾತುಗಳನ್ನು ನಾನು ಇಲ್ಲಿ ಬರೆಯಲ್ಲ.

ಇದೆಲ್ಲ ಬೀದಿಯ ಮಾತು. ಬೀದಿಯ ಜನ ದಾಟಿ ಹೋಗುತ್ತಾರೆ. ಅವನಿಗೆ ನಿಜವಾಗಿ ಕಷ್ಟವಾಗಿದ್ದು ದಿನವೂ ನೋಡುವ, ಒಟ್ಟಿಗೆ ಉಣ್ಣುವ ಜನರ ನಡುವೆ. ಆಫೀಸಿನ ಊಟದ ಮೇಜಿನಲ್ಲಿ ತುಮಕೂರು, ರಾಯಚೂರು, ಕೇರಳ, ಬಿಹಾರ, ಮಣಿಪುರ ಹೀಗೆ ಎಲ್ಲ ಕಡೆಯವರು ಇದ್ದರು. ಯಾರೂ ಕೆಟ್ಟವರಲ್ಲ ಅಂತ ಅವನೇ ಹೇಳುತ್ತಿದ್ದ. ಬಿಎಂಟಿಸಿ ಬಸ್ಸು, ಇನ್‌ಕ್ರಿಮೆಂಟು, ಕ್ರಿಕೆಟ್ಟು ಅಂತ ಎಲ್ಲರ ಮಾತೂ ನಡೆಯುತ್ತಿರುತ್ತಿತ್ತು. ಆದರೆ ಹೊಸಬರು ಯಾರಾದರೂ ಬಂದು ಕೂತರೆ ಮಾತು ತಿರುಗಿ ಇವನ ಮೇಲೆ ಬಂದು ನಿಲ್ಲುತ್ತಿತ್ತು. ಯಾವ ದೇಶ? ಅಪ್ಪನೋ ಅಮ್ಮನೋ ಆಫ್ರಿಕಾದವರು? ಕೂದಲು ಒರಿಜಿನಲ್ಲಾ? ಒಬ್ಬರು ಕೇಳದೆಯೇ ತಲೆಗೆ ಕೈ ಹಾಕಿ ಕೂದಲು ಮುಟ್ಟಿ ನೋಡಿದರು.

ಇಲ್ಲಿ ಇನ್ನೊಂದು ಗಂಟು ಇದೆ. ‘ಸಿದ್ದಿ’ ಅಂತ ಹೇಳಿದ ಕೂಡಲೇ ದೇಶದ ಪ್ರಶ್ನೆ ಜಾತಿಯ ಪ್ರಶ್ನೆಯಾಗುತ್ತದೆ. ‘ಅದು ಯಾವ ಜಾತಿಗೆ ಬರುತ್ತೆ? ಎಸ್‌ಟಿ ನಾ?’ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರನ್ನು ಸೇರಿಸಿದ್ದು 2020ರಲ್ಲಿ. ಈ ಹುಡುಗನ ದೊಡ್ಡಮ್ಮನನ್ನು ಕೊಟ್ಟಿದ್ದು ಧಾರವಾಡ ಜಿಲ್ಲೆಯ ಕಲಘಟಗಿ ಕಡೆಗೆ. ಒಂದೇ ಮನೆಯ ಅಕ್ಕ ತಂಗಿಯರ ಮಕ್ಕಳಲ್ಲಿ ಇವನಿಗೆ ಸರ್ಟಿಫಿಕೇಟ್ ಇತ್ತು, ಅವರಿಗೆ ಅಷ್ಟು ವರ್ಷ ಇರಲಿಲ್ಲ, ಯಾಕೆಂದರೆ ನಡುವೆ ಒಂದು ಜಿಲ್ಲೆಯ ಗಡಿ. ಊಟದ ಮೇಜಿನಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ? ಅಲ್ಲಿ ಅವನಿಗೆ ಕೇಳಿಸಿದ್ದು ‘ಓ, ಹಂಗಾದ್ರೆ ಕೋಟಾ’ ಅನ್ನುವ ಒಂದು ಮಾತು. ಅದು ಖಾಸಗಿ ಕಂಪನಿ, ಅಲ್ಲಿ ಮೀಸಲಾತಿಯೇ ಇಲ್ಲ. ಆದರೂ ಆ ಮಾತು ಬಂತು.

ಅಂದರೆ ಆ ಒಂದು ಪ್ರಶ್ನೆಗೆ ಬಾಯಿ ಬಿಟ್ಟರೆ ಬಣ್ಣ, ದೇಶ, ಜಾತಿ, ಧರ್ಮ ನಾಲ್ಕೂ ಒಟ್ಟಿಗೆ ಮೇಜಿನ ಮೇಲೆ ಬರುತ್ತಿದ್ದವು. ಉಳಿದವರು ಊರಿನ ಹೆಸರು ಹೇಳಿ ಮುಗಿಸುತ್ತಿದ್ದರು.

ಅವನು ಮಾಡಿ ನೋಡಿದ್ದು

ಮೊದಮೊದಲು ಅವನು ಸುಮ್ನೆ ಇದ್ದ. ಯಾರು ಏನು ಅಂದುಕೊಂಡರೂ ತಿದ್ದಲಿಲ್ಲ. ಒಬ್ಬ ಸೆಕ್ಯೂರಿಟಿ ಗಾರ್ಡ್ ಅವನನ್ನು ನೈಜೀರಿಯಾದವನು ಅಂತಲೇ ತಿಳಿದು ತಿಂಗಳುಗಟ್ಟಲೆ ‘ಗುಡ್ ಮಾರ್ನಿಂಗ್’ ಹೇಳುತ್ತಿದ್ದ. ಮೌನದಿಂದ ಜಗಳ ತಪ್ಪಿತು. ಆದರೆ ಅವನು ಊಟದ ಹೊತ್ತಿಗೆ ಕೆಳಗೆ ಇಳಿಯುವುದನ್ನೇ ಬಿಟ್ಟ. ಸ್ಟೋರ್ಸ್‌ನಲ್ಲೇ ಡಬ್ಬಿ ಬಿಚ್ಚುತ್ತಿದ್ದ. ನಮ್ಮ ಗುಂಪಿಗೂ ಬರುವುದು ಕಡಿಮೆಯಾಯಿತು.

ಆಮೇಲೆ ಪೂರ್ತಿ ಉಲ್ಟಾ ಹೊಡೆದ. ಇಡೀ ಇತಿಹಾಸ ಹೇಳುವುದಕ್ಕೆ ಶುರು ಮಾಡಿದ. ಮೊಬೈಲಿನಲ್ಲಿ ಓದಿ ಓದಿ ತಯಾರಾದ. ಗೋವಾ, ಪೋರ್ಚುಗೀಸರು, ಸಿದ್ದಿಗಳು ಆಳಿದ ಜಂಜೀರಾ ಕೋಟೆ, ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿ ಮೊಘಲರನ್ನು ತಡೆದು ನಿಲ್ಲಿಸಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ಎಲ್ಲವನ್ನೂ ಹೇಳುತ್ತಿದ್ದ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಸಿದ್ದಿ ಸಮುದಾಯದ ಮೊದಲ ಶಾಸಕರಾದದ್ದನ್ನೂ ಹೇಳುತ್ತಿದ್ದ. ಕೇಳುವವರಿಗೆ ಕುತೂಹಲ ಇರುತ್ತಿತ್ತು. ಕೆಲವರು ನಿಜವಾಗಿ ಆಸಕ್ತಿಯಿಂದ ಕೇಳಿದರು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇವನಿಗೆ ಸುಸ್ತಾಗುತ್ತಿತ್ತು. ಊಟದ ಅರ್ಧ ಗಂಟೆ ಮುಗಿದು ಹೋಗುತ್ತಿತ್ತು, ತಟ್ಟೆ ಹಾಗೇ ಇರುತ್ತಿತ್ತು.

ಮತ್ತು ಇತಿಹಾಸ ಹೇಳಿದ್ದರಿಂದ ಪ್ರಶ್ನೆಗಳು ಕಡಿಮೆಯಾಗಲಿಲ್ಲ, ಜಾಸ್ತಿಯಾದವು. ಒಬ್ಬರು ಕೂತಲ್ಲೇ ಮೊಬೈಲ್ ತೆಗೆದು ಹುಡುಕಿದರು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿಗಳ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿಕ್ಕಿತು. ಹೆಚ್ಚಿನ ಪಾಲು ಆಫ್ರಿಕಾದ ಬಂಟು ಜನರದು, ಉಳಿದದ್ದು ಭಾರತೀಯರದು ಮತ್ತು ಬಹುಶಃ ಯುರೋಪಿಯನ್ನರದು ಅಂತ ಅದರಲ್ಲಿದೆ. ಅದನ್ನು ಮೇಜಿನ ಮುಂದೆ ಜೋರಾಗಿ ಓದಿ, ‘ನಿಂದು ಎಷ್ಟು ಪರ್ಸೆಂಟ್?’ ಅಂತ ಕೇಳಿದರು. ಇನ್ನೊಬ್ಬರು ‘ಹಂಗಾದ್ರೆ ನೀನು ಓಡೋದ್ರಲ್ಲಿ ಫಾಸ್ಟ್ ಇರ್ಬೇಕಲ್ವಾ, ಕಂಪನಿ ಸ್ಪೋರ್ಟ್ಸ್ ಡೇಗೆ ನಿನ್ನ ಹೆಸರು ಹಾಕ್ತೀವಿ’ ಅಂದರು. ಈ ಮಾತು ಸಿದ್ದಿಗಳಿಗೆ ಹೊಸದಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಹುಡುಕಿ ತಂದು ಓಟದ ತರಬೇತಿ ಕೊಟ್ಟಿತ್ತು. ಆಫ್ರಿಕಾ ಮೂಲದವರು ಓಟದಲ್ಲಿ ಮುಂದು ಎಂಬ ನಂಬಿಕೆಯ ಮೇಲೆ ನಿಂತ ಯೋಜನೆ ಅದು. ಕಮಲಾ ಸಿದ್ದಿ ಅವರಂಥ ಒಳ್ಳೆಯ ಓಟಗಾರ್ತಿ ಅಲ್ಲಿಂದ ಬಂದರು. ಆಮೇಲೆ ಯೋಜನೆಯೇ ನಿಂತು ಹೋಯಿತು, ಬಹಳ ಮಕ್ಕಳು ವಾಪಸ್ ಊರಿಗೆ ಬಂದರು. ನಮ್ಮ ಹುಡುಗನಿಗೆ ಓಟದಲ್ಲಿ ಆಸಕ್ತಿಯೇ ಇಲ್ಲ. ಅವನಿಗೆ ಇಷ್ಟ ಕೇರಂ.

ಒಂದು ಭಾನುವಾರ ಅವನು ಗುಂಪಿನಲ್ಲಿ ಇದನ್ನೆಲ್ಲ ಹೇಳಿಕೊಂಡ. ಅಲ್ಲಿದ್ದ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ‘ಮಲಿಕ್ ಅಂಬರ್ ಇಲ್ಲದೇ ಹೋಗಿದ್ರೆ ನಿನಗೆ ಅಲ್ಲಿ ಕೂತು ಊಟ ಮಾಡೋ ಹಕ್ಕು ಇರ್ತಿರ್ಲಿಲ್ವಾ?’ ಅವನು ಉತ್ತರ ಕೊಡಲಿಲ್ಲ. ನನಗೆ ಈ ಪ್ರಕರಣದ ಮೊದಲ ತಿರುವು ಅದೇ ಅನ್ನಿಸುತ್ತದೆ. ಅವನು ಕೊಡುತ್ತಿದ್ದುದು ಉತ್ತರ ಆಗಿರಲಿಲ್ಲ, ಸಾಕ್ಷಿ ಆಗಿತ್ತು. ನಾನು ಇಲ್ಲಿಗೆ ಸೇರಿದವನು, ನಮ್ಮಲ್ಲೂ ದೊಡ್ಡವರು ಇದ್ದಾರೆ, ದಯವಿಟ್ಟು ಒಪ್ಪಿಕೊಳ್ಳಿ ಎಂಬ ಸಾಕ್ಷಿ. ಮಂಡ್ಯದ ಹುಡುಗ ತಾನು ಮಂಡ್ಯದವನು ಅನ್ನಲು ಯಾವ ರಾಜನ ಹೆಸರೂ ಹೇಳಬೇಕಾಗಿಲ್ಲ.

ನವೆಂಬರ್‌ನ ಕಾರ್ಯಕ್ರಮ

ಕಂಪನಿಯಲ್ಲಿ ರಾಜ್ಯೋತ್ಸವ ಮಾಡುತ್ತಾರೆ. ಆ ವರ್ಷ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಸಿದ್ದಿ ಕಲಾತಂಡವೊಂದು ಸೊಪ್ಪು, ಗರಿ ಕಟ್ಟಿಕೊಂಡು ಮೆರವಣಿಗೆಯಲ್ಲಿ ಕುಣಿಯುವ ವಿಡಿಯೋ. ಕೆಳಗೆ ಇವನನ್ನು ಟ್ಯಾಗ್ ಮಾಡಿ, ‘ಈ ಸಲ ಇದು ನಮ್ಮ ಸ್ಪೆಷಲ್, ಡ್ರೆಸ್ ಕಂಪನಿ ಖರ್ಚು’ ಅಂತ ಬರೆದರು. ಚಪ್ಪಾಳೆಯ ಇಮೋಜಿಗಳು ಬಿದ್ದವು.

ಒಂದು ಮಾತು ಸ್ಪಷ್ಟ ಮಾಡಬೇಕು. ಸಿದ್ದಿಗಳ ಡಮಾಮಿ ಕುಣಿತ ನಾಚಿಕೆ ಪಡುವಂಥದ್ದಲ್ಲ. ಹಬ್ಬದ ರಾತ್ರಿ ಡಮಾಮಿ ಬಡಿಯುತ್ತಾ ಹಾಡು ಕಟ್ಟಿ ಕುಣಿಯುವುದು ಅವನಿಗೂ ಪ್ರಾಣ. ಅದು ಮನೆಯಂಗಳದ ಕುಣಿತ. ವೇದಿಕೆ ತಂಡದವರು ವೇಷ ಕಟ್ಟಿ ಕುಣಿದರೆ ಅದು ಅವರ ಕಲೆ, ಅವರ ದುಡಿಮೆ, ಅವರ ತೀರ್ಮಾನ. ಇಲ್ಲಿ ವಿಷಯ ಬೇರೆ. ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ನೌಕರನಿಗೆ, ಅವನನ್ನು ಒಂದು ಮಾತೂ ಕೇಳದೆ, ಸಹೋದ್ಯೋಗಿಗಳ ಮುಂದೆ ಸೊಪ್ಪು ಉಟ್ಟು ಕುಣಿ ಅಂತ ಹೇಳುತ್ತಿದ್ದಾರೆ. ರಾಯಚೂರಿನವನಿಗೆ ಹಾಗೆ ಹೇಳಿರಲಿಲ್ಲ.

ಅವನ ಮುಂದೆ ಮೂರು ದಾರಿ ಇದ್ದವು ಅಂತ ಅವನೇ ಹೇಳಿದ. ಕುಣಿದು ಮುಗಿಸಿಬಿಡುವುದು. ಜ್ವರ ಅಂತ ರಜೆ ಹಾಕುವುದು. ಇಲ್ಲವೇ ಅದೇ ಗ್ರೂಪಿನಲ್ಲಿ, ಎಲ್ಲರೂ ನೋಡುವಂತೆ, ಆಗಲ್ಲ ಅನ್ನುವುದು. ಫೋನ್ ಮಾಡಿದ. ನಾನು ಅವನಿಗೆ ಇಂಥದ್ದೇ ಮಾಡು ಅಂತ ಹೇಳಲಿಲ್ಲ. ‘ಯಾವುದು ಮಾಡಿದ್ರೆ ಡಿಸೆಂಬರ್‌ನಲ್ಲಿ ಆಫೀಸಿಗೆ ಹೋಗೋಕೆ ಹಗುರ ಅನ್ಸುತ್ತೆ, ಅದನ್ನ ನೋಡು’ ಅಂದೆ.

ಅವನು ಗ್ರೂಪಿನಲ್ಲಿ ಬರೆದದ್ದು ಹೀಗೆ: ‘ನಾನು ಕುಣಿಯಲ್ಲ. ನನಗೆ ಇದು ಹಿತ ಅನ್ನಿಸಲಿಲ್ಲ. ಊಟದ ವ್ಯವಸ್ಥೆಗೆ ಜನ ಬೇಕಾದ್ರೆ ನನ್ನ ಹೆಸರು ಹಾಕಿ, ನೋಡ್ಕೋತೀನಿ.’

ಇಷ್ಟೇ. ಇತಿಹಾಸ ಇಲ್ಲ, ಕ್ಷಮೆ ಇಲ್ಲ, ಬೈಗುಳ ಇಲ್ಲ. ಗ್ರೂಪು ತುಂಬಾ ಹೊತ್ತು ಸುಮ್ಮನಾಯಿತು. ವಿಡಿಯೋ ಹಾಕಿದವರು ‘ತಮಾಷೆಗೆ ಹಾಕಿದ್ದು ಗುರು, ಸೀರಿಯಸ್ ಆಗ್ಬೇಡ’ ಅಂದರು. ಅದಕ್ಕೆ ಅವನು ಉತ್ತರ ಕೊಡಲಿಲ್ಲ, ಕೊಡದೇ ಇದ್ದದ್ದು ಸರಿ ಅಂತ ನನಗೆ ಅನ್ನಿಸುತ್ತದೆ. ತಮಾಷೆಯೋ ಅಲ್ಲವೋ ಅನ್ನುವ ವಾದಕ್ಕೆ ಇಳಿದರೆ ಮಾತು ಅವರ ಮನಸ್ಸಿನ ಬಗ್ಗೆ ಆಗುತ್ತದೆ, ಇವನಿಗೆ ಆದದ್ದು ಪಕ್ಕಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮಣಿಪುರದ ಸಹೋದ್ಯೋಗಿ ಒಂದೇ ಸಾಲು ಬರೆದಳು: ‘ಅವನು ಹೇಳಿದ್ದು ಸರಿ ಇದೆ, ನನಗೂ ಊಟದ ಟೀಮ್ ಓಕೆ.’ ಅವಳನ್ನು ಆ ಆಫೀಸಿನಲ್ಲಿ ‘ಚೈನಾ’ ಅಂತ ಕರೆದವರು ಇದ್ದರು. 2012ರ ಆಗಸ್ಟ್‌ನಲ್ಲಿ ವದಂತಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರಲ್ಲ, ಅವಳ ಅಣ್ಣ ಆ ರೈಲಿನಲ್ಲಿ ಇದ್ದನಂತೆ. ಇದು ಇವನಿಗೆ ಗೊತ್ತಾಗಿದ್ದು ಅನ್ನ ಸಾಂಬಾರಿನ ಪಾತ್ರೆಗಳ ಹಿಂದೆ ನಿಂತಿದ್ದಾಗ.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ವಿಡಿಯೋ ಹಾಕಿದವರು ಕೆಲವು ತಿಂಗಳು ಇವನ ಜೊತೆ ಸರಿಯಾಗಿ ಮಾತಾಡಲಿಲ್ಲ. ‘ಇವನ ಜೊತೆ ಹುಷಾರಾಗಿ ಮಾತಾಡ್ಬೇಕಪ್ಪ’ ಅನ್ನುವ ಮಾತು ಹುಟ್ಟಿತು. ಅದು ಇವನಿಗೆ ನೋವು ಕೊಟ್ಟಿತು. ಆದರೆ ಕೂದಲು ಮುಟ್ಟುವುದು ನಿಂತಿತು.

ರಾತ್ರಿ, ಚಹಾದಂಗಡಿ

ಎರಡನೇ ತಿರುವು ಇದಕ್ಕಿಂತ ಗಟ್ಟಿ. ನಾನು ಈ ಪ್ರಕರಣ ಬರೆಯುತ್ತಿರುವುದೇ ಅದಕ್ಕಾಗಿ.

ಇವನಿಗೆ ಒಬ್ಬ ಅಣ್ಣ ಇದ್ದಾನೆ, ಚಿಕ್ಕಪ್ಪನ ಮಗ. 2016ರಲ್ಲಿ ಅವನು ಬೆಂಗಳೂರಿನಲ್ಲಿದ್ದ. ಆ ವರ್ಷ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಒಬ್ಬ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು, ಕಾರು ಸುಟ್ಟಿತು. ಅವಳಿಗೂ ಆ ಅಪಘಾತಕ್ಕೂ ಏನೂ ಸಂಬಂಧ ಇರಲಿಲ್ಲ. ಆ ವಾರ ಅಣ್ಣ ಕೆಲಸಕ್ಕೆ ಹೋಗಲಿಲ್ಲ. ತಮ್ಮ ಬೆಂಗಳೂರಿಗೆ ಹೊರಟಾಗ ಅವನು ಕಲಿಸಿ ಕಳಿಸಿದ ಒಂದು ವಾಕ್ಯ ಇತ್ತು. ಯಾರಾದರೂ ನಿಲ್ಲಿಸಿದರೆ, ಮೊದಲ ಉಸಿರಿಗೇ ಕನ್ನಡದಲ್ಲಿ, ‘ನಾನು ಆಫ್ರಿಕಾದವನಲ್ಲ, ಯಲ್ಲಾಪುರದವನು’ ಅನ್ನು.

ಆ ವಾಕ್ಯ ಇವನ ಬಾಯಲ್ಲಿ ನೆಲೆಯೂರಿತ್ತು. ಕೋಣೆಯ ಗೆಳೆಯನೂ ಅದನ್ನೇ ಕಲಿತಿದ್ದ. ಎಲ್ಲಿ ಹೋದರೂ ಇವನು ಬಾಯಿ ತೆರೆಯುವ ಮೊದಲೇ ‘ಇವ್ನು ಆಫ್ರಿಕನ್ ಅಲ್ಲ ಕಣ್ರೀ, ಪಕ್ಕಾ ನಮ್ಮವನು’ ಅಂತ ಹೇಳುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ.

ಒಂದು ರಾತ್ರಿ ಪಿಜಿ ಹತ್ತಿರದ ಚಹಾದಂಗಡಿಯಲ್ಲಿ ಇವನೂ ಉಗಾಂಡಾದ ವಿದ್ಯಾರ್ಥಿಯೂ ನಿಂತಿದ್ದರು. ಒಟ್ಟಿಗೆ ಬಂದವರಲ್ಲ, ಅಲ್ಲಿ ಸಿಕ್ಕವರು. ಗಸ್ತಿನವರು ಬಂದು ಇಬ್ಬರನ್ನೂ ಪಾಸ್‌ಪೋರ್ಟ್ ಕೇಳಿದರು. ಇವನ ಬಾಯಿಂದ ಆ ವಾಕ್ಯ ತಾನಾಗಿ ಬಂತು. ಕೇಳಿದವರ ಮುಖ ಅರಳಿತು. ‘ಓ, ಸಿದ್ದಿನಾ! ಹೋಗಪ್ಪ ಹೋಗು’ ಅಂದರು, ಬೆನ್ನು ತಟ್ಟಿದರು. ಇನ್ನೊಬ್ಬ ಅಲ್ಲೇ ನಿಂತ. ಅವನ ಕಾಗದಗಳೆಲ್ಲ ಸರಿಯಾಗಿದ್ದವು, ಫೋನಿನಲ್ಲಿ ಒಂದೊಂದಾಗಿ ತೆರೆದು ತೋರಿಸುತ್ತಿದ್ದ. ಇವನು ಪಿಜಿಗೆ ನಡೆದುಕೊಂಡು ಬಂದ.

ಮಾರನೇ ದಿನ ಮೆಟ್ಟಿಲ ಹತ್ತಿರ ಆ ವಿದ್ಯಾರ್ಥಿ ಕೇಳಿದ: ನೀನು ಅವರಿಗೆ ಏನು ಹೇಳಿದೆ, ಅಷ್ಟು ಬೇಗ ಬಿಟ್ಟರಲ್ಲ? ನನಗೂ ಹೇಳಿಕೊಡು.

ಇವನಿಗೆ ಹೇಳಿಕೊಡಲು ಆಗಲಿಲ್ಲ. ಆ ವಾಕ್ಯ ಅವನಿಗೆ ಕೆಲಸಕ್ಕೆ ಬರುವಂಥದ್ದೇ ಅಲ್ಲ. ಅವನು ಆಫ್ರಿಕಾದವನೇ.

ಮುಂದಿನ ಭಾನುವಾರ ಹುಡುಗ ನಮ್ಮ ಗುಂಪಿನಲ್ಲಿ ತುಂಬಾ ಹೊತ್ತು ಮಾತಾಡಿದ. ‘ನಾನು ಆಫ್ರಿಕಾದವನಲ್ಲ’ ಅಂತ ಹೇಳಿ ತಪ್ಪಿಸಿಕೊಂಡಾಗಲೆಲ್ಲ, ಆಫ್ರಿಕಾದವರಾಗಿದ್ದರೆ ಹಾಗೆ ನಡೆಸಿಕೊಳ್ಳಬಹುದು ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ, ಅಂತ ಕೇಳಿದ. ಅಷ್ಟೇ ಅಲ್ಲ. ನಮ್ಮಜ್ಜಿಯ ಅಜ್ಜಿ ಎಲ್ಲಿಂದ ಬಂದಳೋ ಆ ನೆಲವನ್ನೇ ನಾನು ದಿನಾ ಬೇಡ ಅಂತಿದ್ದೀನಿ ಅಂದ. ಅವನ ಈ ಮಾತಿನ ಮುಂದೆ ನಾನು ಸೇರಿಸುವಂಥದ್ದು ಏನೂ ಇರಲಿಲ್ಲ.

ಆ ದಿನ ಅಣ್ಣನೂ ಬಂದಿದ್ದ, ಅವನು ಒಪ್ಪಲಿಲ್ಲ. ಅವನ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ‘ರಾತ್ರಿ ಹನ್ನೆರಡಕ್ಕೆ ಹತ್ತು ಜನ ಸುತ್ತ ನಿಂತಾಗ ತತ್ವ ಹೇಳ್ತಾ ಕೂರ್ತೀಯಾ? ಮೊದ್ಲು ಜೀವ ಉಳಿಸ್ಕೋ’ ಅಂದ. 2016ರಲ್ಲಿ ಆ ವಾಕ್ಯ ಅವನಿಗೆ ನಿಜವಾದ ಗುರಾಣಿ ಆಗಿತ್ತು.

ಮಾತು ಒಂದು ಕಡೆ ಬಂದು ನಿಂತಿತು. ಪ್ರಾಣಕ್ಕೆ ಬಂದಾಗ ಯಾವ ಮಾತು ಉಳಿಸುತ್ತದೋ ಅದನ್ನು ಹೇಳು, ಅದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಊಟದ ಮೇಜು, ಮದುವೆ ಮನೆ, ಗೆಳೆಯರ ಮನೆ, ಆಫೀಸು ಇವು ಪ್ರಾಣದ ಜಾಗಗಳಲ್ಲ. ಅಲ್ಲಿ ಗುರಾಣಿ ಹಿಡಿದು ಕೂರುವುದು ಬೇಡ.

ಅವನು ಬದಲಿಸಿದ್ದು

ಬದಲಾವಣೆ ಕೇಳಲು ಸಣ್ಣದು. ವಾಕ್ಯದಿಂದ ‘ಅಲ್ಲ’ ತೆಗೆದ. ಈಗ ಯಾರಾದರೂ ಕೇಳಿದರೆ ‘ಯಲ್ಲಾಪುರ. ನಾವು ಸಿದ್ದಿಗಳು, ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು’ ಅನ್ನುತ್ತಾನೆ. ಎರಡೂ ನಿಜ, ಎರಡೂ ಒಟ್ಟಿಗೆ. ಅಷ್ಟು ಹೇಳಿ, ‘ನಿಮ್ಮದು ಯಾವೂರು?’ ಅಂತ ತಿರುಗಿ ಕೇಳುತ್ತಾನೆ. ಈ ತಿರುಗು ಪ್ರಶ್ನೆಯಿಂದ ಮೇಜಿನ ಮೇಲೆ ಇವನೊಬ್ಬನೇ ಇರುವುದು ತಪ್ಪುತ್ತದೆ. ಬಹಳ ಸಲ ಎದುರಿನವರೇ ತಮ್ಮ ಊರಿನ ಕಥೆ ಶುರು ಮಾಡುತ್ತಾರೆ.

ಜಾತಿ ಸರ್ಟಿಫಿಕೇಟಿನ ಪ್ರಶ್ನೆಗೆ ‘ಅದು ಊಟದ ಹೊತ್ತಿನ ಮಾತಲ್ಲ’ ಅನ್ನುತ್ತಾನೆ. ಮೊದಲ ಸಲ ಅಂದಾಗ ಧ್ವನಿ ನಡುಗಿತ್ತಂತೆ. ಇತಿಹಾಸ ಕೇಳುವವರಿಗೆ ಹೇಳುತ್ತಾನೆ, ಆದರೆ ತನಗೆ ಬಿಡುವಿದ್ದಾಗ, ತನಗೆ ಇಷ್ಟವಾದವರಿಗೆ. ಸ್ಟೋರ್ಸ್‌ನ ಒಬ್ಬ ಹಿರಿಯರು ಒಂದು ಸಂಜೆ ಹಾಗೇ ಕೇಳಿದಾಗ, ಅವನು ಸಾತುಂಬೈಲಿನ ಸಿದ್ದಿ ನಾಸ್ ದೇವರ ಜಾತ್ರೆಯ ಬಗ್ಗೆ, ಅಜ್ಜಿ ಹಳೇ ಸೀರೆ ತುಂಡುಗಳಿಂದ ಹೊಲಿಯುವ ಕೌದಿಯ ಬಗ್ಗೆ ಹೇಳುತ್ತಾ ಕತ್ತಲಾಗುವ ತನಕ ಕೂತಿದ್ದನಂತೆ. ಮಲಿಕ್ ಅಂಬರ್ ಆ ಮಾತಿನಲ್ಲಿ ಬರಲೇ ಇಲ್ಲ.

ಕೋಣೆಯ ಗೆಳೆಯನ ಜೊತೆ ಮಾತಾಡುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೆಟ್ಟವರಿಗೆ ಬೇಡ ಅನ್ನಬಹುದು, ಒಳ್ಳೆಯದು ಮಾಡುತ್ತಿರುವವನಿಗೆ ಹೇಗೆ ಹೇಳುವುದು? ಕೊನೆಗೆ ‘ನನ್ನ ಹೆಸರು, ಕೆಲಸ ಹೇಳು ಸಾಕು. ಉಳಿದಿದ್ದು ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ’ ಅಂದ. ಗೆಳೆಯನಿಗೆ ಮೊದಲು ಬೇಜಾರಾಯಿತು, ನಾನೇನು ಕೆಟ್ಟದ್ದು ಹೇಳಿದೆ ಅಂದ. ಒಂದೆರಡು ವಾರ ಇಬ್ಬರೂ ಸ್ವಲ್ಪ ಬಿಗಿಯಾಗಿದ್ದರು. ಆಮೇಲೆ ಗೆಳೆಯನ ಅಕ್ಕನ ಮದುವೆಗೆ ಇಬ್ಬರೂ ಮಂಡ್ಯಕ್ಕೆ ಹೋದರು. ಅಲ್ಲಿ ಮನೆಯ ಹಿರಿಯರೊಬ್ಬರು ‘ಯಾರಪ್ಪ ಇದು, ಯಾವ ದೇಶ?’ ಅಂದಾಗ ಗೆಳೆಯ ‘ನನ್ನ ರೂಮ್‌ಮೇಟು, ಸ್ಟೋರ್ಸ್‌ನಲ್ಲಿ ಕೆಲ್ಸ’ ಅಂತ ಹೇಳಿ ಸುಮ್ಮನಾದ. ಉಳಿದದ್ದನ್ನು ಇವನೇ ಹೇಳಿದ. ಹಿರಿಯರು ತಮ್ಮ ಕಬ್ಬಿನ ಗದ್ದೆಯ ನೀರಿನ ತಾಪತ್ರಯ ಹೇಳಿಕೊಂಡರು.

ಉಗಾಂಡಾದ ವಿದ್ಯಾರ್ಥಿಗೆ ಆ ರಾತ್ರಿ ಹೇಳಿದ ಮಾತು ಏನು ಅಂತ ಇವನು ಬಿಚ್ಚಿ ಹೇಳಿದ. ಅವನು ಸಿಟ್ಟಾಗಲಿಲ್ಲ, ಆದರೆ ಗೆಳೆಯರೂ ಆಗಲಿಲ್ಲ. ಕೆಲವು ಸಲ ಒಟ್ಟಿಗೆ ಊಟ ಮಾಡಿದರು. ಅವನ ಓದು ಮುಗಿಯಿತು, ಹೋದ. ಅದಾದ ಮೇಲೆ ಒಮ್ಮೆ, ಹೊಸ ಬಾಡಿಗೆದಾರರ ಬಗ್ಗೆ ಪಿಜಿ ಮಾಲೀಕರು ‘ಆಫ್ರಿಕಾದವರು ಬೇಡಪ್ಪ, ನೀನಾದ್ರೆ ಪರ್ವಾಗಿಲ್ಲ’ ಅಂದಾಗ ಇವನು ಮೊದಲಿನ ಹಾಗೆ ನಗಲಿಲ್ಲ. ‘ಮೇಲಿದ್ದ ಹುಡುಗ ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ ಅಂತ ನೀವೇ ಹೇಳಿದ್ರಲ್ಲ’ ಅಂದ. ಮಾಲೀಕರು ಮಾತು ಬದಲಿಸಿದರು. ಕೋಣೆ ಯಾರಿಗೆ ಹೋಯಿತು ಅಂತ ಇವನಿಗೆ ಗೊತ್ತಿಲ್ಲ, ಅಷ್ಟರಲ್ಲಿ ಬೇರೆ ಕಡೆ ಮನೆ ಮಾಡಿದ್ದ.

ಇದರಿಂದ ನಾವು ತೆಗೆದುಕೊಂಡದ್ದು

ಈ ಪ್ರಕರಣ ಆದ ಮೇಲೆ ಗುಂಪಿನಲ್ಲಿ ನಮ್ಮ ನಡವಳಿಕೆ ಸ್ವಲ್ಪ ಬದಲಾಗಿದೆ. ಹೊಸಬರು ಬಂದಾಗ ಪರಿಚಯ ಮಾಡಿಕೊಳ್ಳುವ ರೀತಿ ಬದಲಾಗಿದೆ. ಮೊದಲು ಹಳಬರು ತಮ್ಮ ಊರು, ಕೆಲಸ ಹೇಳುತ್ತಾರೆ, ಆಮೇಲೆ ಹೊಸಬರು ತಮಗೆ ಬೇಕಾದಷ್ಟು ಹೇಳುತ್ತಾರೆ. ಕೇಳುವವರು ತಾವು ಯಾರು ಅಂತ ಮೊದಲು ಹೇಳಿದರೆ ಪ್ರಶ್ನೆಯ ಭಾರ ಅರ್ಧ ಇಳಿಯುತ್ತದೆ.

ಕುತೂಹಲವೇ ಕೆಟ್ಟದ್ದು ಅಂತ ನಾನು ನಂಬುವುದಿಲ್ಲ. ಕರ್ನಾಟಕದಲ್ಲಿ ಹುಟ್ಟಿ ಬೆಳೆದು ಸಿದ್ದಿಗಳ ಹೆಸರೇ ಕೇಳಿಲ್ಲದವರು ಇಷ್ಟು ಜನ ಇರುವುದು ಆ ಕೇಳುವವರೊಬ್ಬರ ತಪ್ಪೂ ಅಲ್ಲ. ಆದರೆ ಆ ಕೊರತೆಯನ್ನು ತುಂಬುವ ಕೆಲಸ ಊಟಕ್ಕೆ ಕೂತ ಒಬ್ಬ ಹುಡುಗನದ್ದಲ್ಲ. ಹೆಸರು ಕೇಳಿ, ಊರು ಕೇಳಿ. ಅವನು ಹೇಳಿದಷ್ಟಕ್ಕೆ ನಿಲ್ಲಿಸಿ. ಇನ್ನೂ ತಿಳಿಯಬೇಕು ಅನ್ನಿಸಿದರೆ ಮನೆಗೆ ಹೋಗಿ ಓದಿ, ಅದಕ್ಕೆ ಅವನನ್ನು ಎಲ್ಲರೆದುರು ಪರೀಕ್ಷೆಗೆ ಕೂರಿಸಬೇಡಿ.

ಪಕ್ಕದಲ್ಲಿ ಕೂತವರಿಗೂ ಕೆಲಸ ಇದೆ. ಮಣಿಪುರದ ಹುಡುಗಿ ಬರೆದ ಆ ಒಂದು ಸಾಲು ನೋಡಿ. ಅವಳು ಇವನ ಪರವಾಗಿ ಭಾಷಣ ಮಾಡಲಿಲ್ಲ, ಇವನ ಕಥೆ ಹೇಳಲಿಲ್ಲ. ಇವನು ಹೇಳಿದ ಮಾತಿನ ಪಕ್ಕ ಬಂದು ನಿಂತಳು. ಅವಳು ಬರೆಯದೇ ಇದ್ದಿದ್ದರೆ ಅವನು ಬಹುಶಃ ಆ ಕೆಲಸ ಬಿಡುತ್ತಿದ್ದ. ಇದು ಅವನೇ ಹೇಳಿದ್ದು.

ಇದೇ ದಾರಿ ಎಲ್ಲರಿಗೂ ಹೊಂದುತ್ತದೆ ಅಂತ ನಾನು ಹೇಳಲಾರೆ. ಅವನಿಗೆ ಸಂಬಳದ ಕೆಲಸ ಇತ್ತು, ಚೆನ್ನಾಗಿ ಮಾತು ಬರುತ್ತಿತ್ತು, ಬೆನ್ನಿಗೆ ಒಂದು ಗುಂಪು ಇತ್ತು. ದಿನಗೂಲಿಯಲ್ಲಿ ಇರುವವನು ‘ನಾನು ಕುಣಿಯಲ್ಲ’ ಅಂದರೆ ಮರುದಿನ ಕೆಲಸ ಇರುತ್ತದೆ ಎಂಬ ಭರವಸೆ ಇಲ್ಲ. ಅಣ್ಣ ಇವತ್ತಿಗೂ ತನ್ನ ಹಳೇ ವಾಕ್ಯವನ್ನೇ ಹೇಳುತ್ತಾನೆ, ಅವನ ಮಗನಿಗೂ ಅದನ್ನೇ ಕಲಿಸಿದ್ದಾನೆ. ಆ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಸಿದ್ದಿ ಹುಡುಗಿಯರ ವಿಷಯ ಮತ್ತೂ ಬೇರೆ. ನಗರದ ಹಾಸ್ಟೆಲುಗಳಲ್ಲಿ ಇರುವವರಿಗೆ ದೇಶದ ಪ್ರಶ್ನೆಯ ಜೊತೆಗೆ ಮೈ ಮೇಲಿನ ಮಾತುಗಳು ಸೇರುತ್ತವೆ, ರಾತ್ರಿ ದಾರಿಯಲ್ಲಿ ಗಾಡಿ ನಿಲ್ಲಿಸಿ ರೇಟು ಕೇಳುವವರೂ ಇದ್ದಾರೆ. ಅದನ್ನು ಈ ಪ್ರಕರಣದೊಳಗೆ ಸೇರಿಸಿದರೆ ಅನ್ಯಾಯ ಆಗುತ್ತದೆ. ನಮ್ಮ ಗುಂಪಿನ ಇಬ್ಬರು ಅದನ್ನು ತಾವೇ ಬರೆಯುತ್ತೇವೆ ಅಂದಿದ್ದಾರೆ, ಬರೆಯುತ್ತಿದ್ದಾರೆ.